ಅಪ್ಪನ ಮಾತೆಂದು ನಾನು ಹೇಳಿದ್ದು

ಶಾಲಿನಿ, ನಿನ್ನ ಮದುವೆ ಬೇಡವೆಂದು ಅಪ್ಪ ಹೇಳಲೇ ಇಲ್ಲ. ಹೇಳಿದವನು ನಾನು.

ಹೋದ ವಾರ ವಡೋದರಾದ ನಿನ್ನ ಕಾಲೇಜಿನಲ್ಲಿ ಇಂಕಾ ದೊರೆಗಳ ಬಗ್ಗೆ ನಿನ್ನ ಉಪನ್ಯಾಸವಿತ್ತಲ್ಲ — ನಾನು ಕೊನೆಯ ಸಾಲಿನಲ್ಲಿ ಕುಳಿತಿದ್ದೆ. ನಿನಗೆ ಹೇಳದೆ, ತಂಗಿ ಮಾತಾಡುವುದನ್ನು ಕೇಳಬೇಕೆಂದೇ ಅಹಮದಾಬಾದಿನಿಂದ ಬಂದಿದ್ದೆ. ದೊರೆಯೆಂದರೆ ಸೂರ್ಯನ ಮಗ ಎಂದೆ ನೀನು. ಎಂಥ ಸರದಾರನಾದರೂ ಅವನೆದುರು ಬರಿಗಾಲಲ್ಲಿ, ಬೆನ್ನಿಗೊಂದು ಹೊರೆ ಹೊತ್ತು ಬರಬೇಕು. ತಲೆಯೆತ್ತಿ ಮುಖ ನೋಡುವಂತಿಲ್ಲ. ಸತ್ತ ಮೇಲೂ ಅವನ ಅಧಿಕಾರ ಮುಗಿಯುತ್ತಿರಲಿಲ್ಲ. ಕೆಡದಂತೆ ಕಾಪಾಡಿದ ದೇಹಕ್ಕೆ ಬಟ್ಟೆ ಉಡಿಸಿ, ಎಡೆಯಿಟ್ಟು, ಮದುವೆಗೂ ಅದರ ಒಪ್ಪಿಗೆ ಕೇಳುತ್ತಿದ್ದರಂತೆ. ಪಕ್ಕದಲ್ಲಿದ್ದ ಸೇವಕರು 'ದೊರೆ ಹೀಗೆನ್ನುತ್ತಾರೆ' ಎಂದು ತಿಳಿಸುತ್ತಿದ್ದರಂತೆ.

ಒಬ್ಬಳು ವಿದ್ಯಾರ್ಥಿನಿ ಎದ್ದು ಹಿಂದಿಯಲ್ಲಿ ಕೇಳಿದಳು — ಆ ಸೇವಕರೇ ಸುಳ್ಳು ಹೇಳಿದರೆ? ಸೂರ್ಯನ ಮಗನ ಮಾತೆಂದು ನಂಬಿದವರು ಇನ್ನು ಯಾರನ್ನು ಕೇಳಲು ಹೋಗುತ್ತಾರೆ, ಎಂದು ನೀನು ನಕ್ಕೆ. ಎಲ್ಲರೂ ನಕ್ಕರು. ನನಗೆ ತಲೆಯೆತ್ತಲಾಗಲಿಲ್ಲ. ನಿನ್ನನ್ನು ಮಾತಾಡಿಸದೆ ಬಂದುಬಿಟ್ಟೆ.

ನಮ್ಮ ಮನೆಯಲ್ಲೂ ಅಪ್ಪನ ಮಾತಿಗೆ ಎದುರಿರಲಿಲ್ಲ. ಪಾರ್ಶ್ವವಾಯು ಹೊಡೆದು ನಾಲಿಗೆ ತೊಡರಿದ ಮೇಲೂ, ಅಹಮದಾಬಾದಿನ ಚಾಂದ್‌ಖೇಡಾದ ಕ್ವಾರ್ಟರ್ಸಿನಲ್ಲಿ ಆ ಮಂಚದಿಂದ ಅಪ್ಪಣೆ ಬರದೆ ಏನೂ ನಡೆಯುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ಅವರ ಜೊತೆಗಿದ್ದವನು ನಾನು. ಅವರ ತೊದಲು ತಿಳಿಯುತ್ತಿದ್ದದ್ದು ನನಗೊಬ್ಬನಿಗೆ.

ಸೂರತ್ತಿನ ನೀಲೇಶ್ ನಿನ್ನನ್ನು ಮದುವೆಯಾಗಲು ಕೇಳಿದ್ದ. "ಅಣ್ಣಾ, ಅಪ್ಪನ ಹತ್ರ ನೀನೇ ಮಾತಾಡು. ಅವರು ಹೂಂ ಅಂದ್ರೆ ಸಾಕು ನನಗೆ," ಎಂದೆ ನೀನು. ನಾನು ಕೇಳಿದೆ. ಅಪ್ಪ ಹೂಂ ಎಂದರು. ನನಗೆ ಕೇಳಿಸಲಿಲ್ಲವೇನೋ ಎಂಬಂತೆ ನನ್ನ ಕೈ ಹಿಡಿದು, "ಮಾಡು... ಬೇಗ," ಎಂದರು.

ಅಡುಗೆಮನೆಗೆ ಬಂದು ನಾನು ಹೇಳಿದ್ದು — "ಅಪ್ಪ ಬೇಡ ಅಂತಾರೆ, ಶಾಲೂ."

"ಅವರೇ ಹಾಗಂದ್ರಾ?"

"ಹೂಂ."

ನೀನು ಮತ್ತೆ ಕೇಳಲಿಲ್ಲ. ಹುಡುಗ ಗುಜರಾತಿಯೆಂದು ಅಪ್ಪ ಒಪ್ಪಲಿಲ್ಲ ಎಂದೇ ಇಂದಿಗೂ ತಿಳಿದಿದ್ದೀಯ. ನೀಲೇಶನ ಮೇಲೆ ನನಗೂ ಯಾವ ಸಿಟ್ಟಿರಲಿಲ್ಲ. ನೀನು ಹೋದರೆ ಅಪ್ಪನ ಮೈ ಒರೆಸುವವರು, ಮಗ್ಗುಲು ಬದಲಿಸುವವರು ಯಾರು — ಅದೆಲ್ಲ ನನ್ನ ಮೇಲೆ, ನನ್ನ ಹೆಂಡತಿಯ ಮೇಲೆ ಬೀಳುತ್ತದೆಂಬ ಹೆದರಿಕೆ. ಅಷ್ಟೇ. ಸ್ವಲ್ಪ ದಿನ ಕಳೆಯಲಿ, ಆಮೇಲೆ ನಿಜ ಹೇಳಿದರಾಯಿತು ಎಂದುಕೊಂಡೆ. ನೀಲೇಶ್ ಕಾದ, ಕೇಳಿದ, ಕೊನೆಗೆ ಬೇರೆ ಮದುವೆಯಾದ. ಅಪ್ಪ ತೀರಿಕೊಂಡ ಮೇಲೂ ನೀನು ಮದುವೆಯಾಗಲೇ ಇಲ್ಲ.

ಇನ್ನೊಂದಿದೆ. ಇದನ್ನು ಹೇಳುವುದು ಎಲ್ಲಕ್ಕಿಂತ ಕಷ್ಟ.

ನೀನು ತುತ್ತು ತಿನ್ನಿಸುವಾಗ ಅಪ್ಪ ನಿನ್ನ ಮಣಿಕಟ್ಟು ಹಿಡಿದು ಏನೋ ಹೇಳಲು ಒದ್ದಾಡುತ್ತಿದ್ದರು, ನೆನಪಿದೆಯಾ? "ಏನಂತಾರೆ ಅಣ್ಣಾ?" ಎಂದು ನೀನು ನನ್ನ ಕಡೆ ತಿರುಗುತ್ತಿದ್ದೆ. "ನೀರು ಕೇಳ್ತಿದಾರೆ," ಎನ್ನುತ್ತಿದ್ದೆ ನಾನು. ನೀನು ಓಡಿಹೋಗಿ ಲೋಟ ತರುತ್ತಿದ್ದೆ. ಅವರು ಬಾಯಿ ಬಿಗಿದುಕೊಂಡು ಗೋಡೆಯ ಕಡೆ ಹೊರಳುತ್ತಿದ್ದರು. ಹಟ ಮಾಡ್ತಾರೆ, ಎಂದು ನೀನು ನೊಂದುಕೊಳ್ಳುತ್ತಿದ್ದೆ.

ಭಾನುವಾರ ವಡೋದರಾಕ್ಕೆ ಬರುತ್ತೇನೆ. ಬಾಗಿಲು ತೆಗೆಯದಿದ್ದರೆ ಹೊರಗೇ ನಿಂತು ಹೇಳುತ್ತೇನೆ — ಅವರು ಕೇಳುತ್ತಿದ್ದದ್ದು ನೀರಲ್ಲ, ಶಾಲಿನಿ. ಮದುವೆ ಯಾವಾಗ ಎಂದು.