ಮೂರರಿಂದ ಭಾಗಿಸಿದ ಅರ್ಥಿಂಗ್

ಮೂರು ವರ್ಷದ ಹಿಂದಿನ ಬೇಸಿಗೆ. ನಾನಾಗ ಗೋಕಾಕದ ಒಂದು ಐಟಿಐಯಲ್ಲಿ ಎಲೆಕ್ಟ್ರಿಷಿಯನ್ ವಿಭಾಗದ ಬೋಧಕ. ಕೌಜಲಗಿ ಆಚೆಯ ಹಳ್ಳಿಯೊಂದರಲ್ಲಿ ಕುಡಿಯುವ ನೀರಿನ ಪಂಪ್ ನಡೆಸುತ್ತಿದ್ದ ನನ್ನ ತಮ್ಮ ಈರಣ್ಣ ಸ್ಟಾರ್ಟರ್ ಪೆಟ್ಟಿಗೆ ಮುಟ್ಟಿ ಸತ್ತ. ಮೂಡಲಗಿ ಆಸ್ಪತ್ರೆ ತಲುಪುವಷ್ಟರಲ್ಲಿ ಜೀವ ಹೋಗಿತ್ತು. ಪಂಚಾಯತಿಯವರು ಪೆಟ್ಟಿಗೆಯೊಳಗಿನ ಸುಟ್ಟ ತಂತಿ ಬದಲಿಸಿ, ಎಲ್ಲ ಸರಿಯಾಯಿತೆಂದರು. ಆ ಕೆಲಸವನ್ನು ಅವನ ಹೆಂಡತಿ ಮಹಾದೇವಿಗೇ ಕೊಟ್ಟರು. ಸೋಮವಾರದಿಂದ ಆಕೆ ಅದೇ ಪೆಟ್ಟಿಗೆ ಮುಟ್ಟಬೇಕು.

ಭಾನುವಾರ ಅರ್ಥ್ ಟೆಸ್ಟರ್ ಹಿಡಿದು ಮಹಾದೇವಿಯ ಜೊತೆ ಪಂಪಿನ ಹತ್ತಿರ ಹೋದೆ. ಅಲ್ಲಿ ಅರ್ಥಿಂಗ್ ಮಾಡಿದ ಗುತ್ತಿಗೆದಾರನ ಸೂಪರ್‌ವೈಸರ್ ಬಂದಿದ್ದ. ಹುಕ್ಕೇರಿ ಕಡೆಯವನು, ನನ್ನ ಹಳೆಯ ವಿದ್ಯಾರ್ಥಿ.

"ನಿಮ್ಮ ತಮ್ಮಾರು ಹಸಿ ಕೈಲೆ ಮುಟ್ಟ್ಯಾರ್ರಿ ಸರ. ಅರ್ಥಿಂಗ್ ಮೂರು ಓಮ್ ಐತಿ."

ಪೆಟ್ಟಿಗೆಗೆ ತಂತಿ ತಗುಲಿದರೆ ಕರೆಂಟು ಅರ್ಥಿಂಗ್ ಗುಂಡಿಯ ಮೂಲಕ ನೆಲಕ್ಕೆ ಹರಿಯಬೇಕು. ಗುಂಡಿಯ ರೋಧ ಕಡಿಮೆ ಇದ್ದರೆ ಕರೆಂಟು ಜೋರಾಗಿ ಹರಿದು ಫ್ಯೂಸ್ ಹಾರುತ್ತದೆ. ಅದಕ್ಕೇ ಒಂದರ ಬದಲು ಮೂರು ಗುಂಡಿ ತೋಡಿ ಸಮಾನಾಂತರವಾಗಿ ಜೋಡಿಸುತ್ತಾರೆ. ಒಂದೊಂದೂ ಒಂಬತ್ತು ಓಮ್ ಇದ್ದರೆ ಒಟ್ಟು ರೋಧ ಮೂರು ಓಮ್.

ನಾನು ಗುಂಡಿಗಳನ್ನು ಜೋಡಿಸಿದ ಲೋಹದ ಪಟ್ಟಿ ಬಿಚ್ಚಿ ಒಂದೊಂದನ್ನೇ ಅಳೆದೆ. ಮೊದಲನೆಯದು ನಲವತ್ತು ಓಮ್. ಉಳಿದೆರಡರಲ್ಲಿ ಟೆಸ್ಟರಿಗೆ ನೆಲದ ಸಂಪರ್ಕವೇ ಸಿಗಲಿಲ್ಲ. ಅಗೆದು ನೋಡಿದರೆ ಹಸಿರು ಮುಚ್ಚಳದ ಕೆಳಗೆ ಗೇಣುದ್ದ ಪೈಪಿನ ತುಂಡು, ಅಷ್ಟೇ.

"ಮೂರು ಓಮ್ ಹೆಂಗ ಬಂತಪಾ?"

"ಮದಲ್ನೇದಕ್ಕ ನಾಕ್ ಕೊಡ ಉಪ್ಪನೀರು ಹಾಕಿ ಅಳದೆವ್ರಿ. ಒಂಬತ್ತು ಬಂತು. ಮೂರಲೆ ಭಾಗಿಸಿದೆವು." ಅವನು ಹಲ್ಲು ಕಿರಿದ. "ಲೆಕ್ಕಾ ನೀವ ಕಲಿಸಿದ್ರಲ್ರಿ ಸರ."

ನನ್ನ ತರಗತಿಯ ಸೂತ್ರವನ್ನು ಇವನು ಇಲ್ಲಿ ಬಳಸಿದ್ದ. ಉಪ್ಪುನೀರು ಒಣಗಿ ರೋಧ ಮತ್ತೆ ಏರಿದ ಬೇಸಿಗೆಯಲ್ಲಿ ಫ್ಯೂಸ್ ಹಾರುವಷ್ಟು ಕರೆಂಟು ಹರಿದಿರಲಿಲ್ಲ, ಪೆಟ್ಟಿಗೆಯ ಮೈಯೆಲ್ಲ ಜೀವ ತೆಗೆಯುವ ಹಾಗೆಯೇ ಉಳಿದಿತ್ತು. ಅಲ್ಲೇ ನೆಲದ ಮೇಲೆ ಕಡ್ಡಿಯಿಂದ ಸರ್ಕ್ಯೂಟ್ ಗೀಚಿದೆ: ನಲವತ್ತು ಓಮಿನ ಒಂದು ಗುಂಡಿ, ಅದಕ್ಕೆ ಸಮಾನಾಂತರವಾಗಿ ಇನ್ನೊಂದು ರೋಧ, ಸುಮಾರು ಸಾವಿರ ಓಮ್. ಆ ಎರಡನೆಯದು ನನ್ನ ತಮ್ಮ.

ಮಹಾದೇವಿ ಗೀಚಿದ್ದನ್ನು ಬಗ್ಗಿ ನೋಡಿದಳು. ಆಮೇಲೆ ಸೂಪರ್‌ವೈಸರನಿಗೆ ಹೇಳಿದಳು: "ನಾಳೆ ನಾ ಬರೂದಿಲ್ಲ. ನೀನ ಬಂದು ಮುಟ್ಟು. ಗುಂಡಿಗೆ ನಾಕ್ ಕೊಡ ನೀರು ನಾ ಹಾಕ್ತೇನಿ."

ಅವನ ಹಲ್ಲು ಒಳಗೆ ಹೋದವು. ಸೋಮವಾರ ಪಂಪ್ ನಡೆಯದೆ ಊರಿಗೆ ನೀರು ನಿಂತಿತು, ಜನ ಪಂಚಾಯತಿಯನ್ನು ಮುತ್ತಿದರು. ಆ ವಾರವೇ ಖರೆ ಗುಂಡಿಗಳು ಬಿದ್ದವು. ಒಂದೊಂದನ್ನೂ ಒಣಗಿದ್ದಾಗಲೇ ಆಕೆಯ ಎದುರಿಗೆ ಅಳೆದೆ.

"ಈಗ ಮುಟ್ಟಲ್ರಿ, ಭಾವಾರ?"

"ಮುಟ್ಟವ್ವಾ."

ಆಕೆ ಅಂಗೈ ಇಡಲಿಲ್ಲ. ಬೆರಳ ಹಿಂಬದಿಯನ್ನು ಒಮ್ಮೆ ತಾಗಿಸಿ, ಥಟ್ಟನೆ ಎಳೆದುಕೊಂಡು, ಮತ್ತೆ ತಾಗಿಸಿದಳು. ನಂತರ ಸ್ವಿಚ್ ಒತ್ತಿದಳು.

ನಿವೃತ್ತಿಯಾಗುವ ತನಕ ಒಟ್ಟು ರೋಧದ ಪಾಠಕ್ಕೆ ನಾನು ಮೊದಲು ಬೋರ್ಡ್ ಮುಟ್ಟಲಿಲ್ಲ. ಹುಡುಗರನ್ನು ಹೊರಗೆ ಕರೆದೊಯ್ದು ಗುಂಡಿಗಳ ಮುಚ್ಚಳ ತೆಗೆಸುತ್ತಿದ್ದೆ. ಭಾಗಾಕಾರ ಅದಾದ ಮೇಲೆ.