ಅರ್ಧ ಸೀಟಿನ ಕಾಕಾ

ಹೋದ ವಾರ ಕೊಪ್ಪಳದ ಔಷಧಿ ಅಂಗಡಿಯೊಂದರಲ್ಲಿ ನನ್ನ ಮುಂದೆ ನಿಂತವರ ಕೈಯಿಂದ ನೋವಿನ ಎಣ್ಣೆಯ ಬಾಟಲಿ ಜಾರಿ ಒಡೆಯಿತು. ಎಲ್ಲರೂ ಮೂಗು ಮುಚ್ಚಿಕೊಂಡರು. ನಾನು ಮಾತ್ರ ಮೂಗು ತುಂಬ ಉಸಿರೆಳೆದುಕೊಂಡೆ. ಆ ಘಾಟು ನಮ್ಮ ಎದುರುಮನೆಯ ಕಾಕಾ ಅವರದು. ಕೊಪ್ಪಳದಿಂದ ಹುಲಿಗಿ ಅಮ್ಮನ ಗುಡಿಗೆ ಟಂಟಂ ಎಂಬ ಮೂರು ಗಾಲಿಯ ಬಾಡಿಗೆ ಗಾಡಿ ಓಡಿಸುತ್ತಿದ್ದ ಅವರು ಬೆಳಿಗ್ಗೆ ಬಾಗಿಲು ತೆಗೆದರೆ, ಅವರಿಗಿಂತ ಮೊದಲು ಆ ವಾಸನೆ ಓಣಿಗೆ ಇಳಿಯುತ್ತಿತ್ತು...

ಹುಲಿಗಿ ಟಂಟಂಗಳ ಆಸನ ಪದ್ಧತಿಯನ್ನು ಇಲ್ಲಿ ನಿರೂಪಿಸುವುದು, ನಿವೃತ್ತ ಮಾಸ್ತರನಾಗಿ, ನನ್ನ ಕರ್ತವ್ಯ. ಮುಂದಿರುವುದು ಡ್ರೈವರ್ ಒಬ್ಬನಿಗೇ ಆಗುವ ಸೀಟು. ಆದರೆ ಅದರ ಮೇಲೆ ಮೊದಲ ಹಕ್ಕು ಪ್ರಯಾಣಿಕರದು. ಹಿಂದೆ ತುಂಬಿದ ಮೇಲೆ ಇಬ್ಬರು ಅವನ ಎಡಕ್ಕೆ ಏರುತ್ತಾರೆ. ಅವನು ಬಲದ ಅಂಚಿಗೆ ಸರಿಯುತ್ತಾನೆ. ಅರ್ಧ ಕುಂಡೆ ಸೀಟಿನ ಮೇಲೆ, ಇನ್ನರ್ಧ ಗಾಳಿಯಲ್ಲಿ, ಕೈಗಳು ನಡುವಿನ ಹ್ಯಾಂಡಲ್ಲಿನ ಮೇಲೆ. ಯಾವ ಯೋಗಶಾಸ್ತ್ರವೂ ವಿವರಿಸದ ಈ ಆಸನವನ್ನು ಕಾಕಾ ಹರೆಯದಲ್ಲೇ ಸಾಧಿಸಿದ್ದರು. ನಮ್ಮ ಕಟ್ಟೆಯ ಮೇಲೆ ಕುಳಿತರೂ ಪಕ್ಕದಲ್ಲಿ ಇಬ್ಬರಿಗೆ ಜಾಗ ಬಿಟ್ಟೇ ಕೂರುತ್ತಿದ್ದರು.

ಬರುಬರುತ್ತ ನಡು ತಿರುಚಿಕೊಂಡಿತು. ಆಮೇಲೆ ಬಲಗಾಲು ಜೋಮು ಹಿಡಿಯತೊಡಗಿತು. ಅದು ಬ್ರೇಕಿನ ಕಾಲು.

“ಒತ್ತೀನೋ ಇಲ್ಲೋ ಕಾಲಿಗೆ ಗೊತ್ತಾಗಂಗಿಲ್ರಿ ಮಾಸ್ತರ. ಗಾಡಿ ನಿಂತ ಮ್ಯಾಲೆ, ಓಹೋ ಒತ್ತೀನಿ ಅನ್ಕೋತೀನಿ” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಗಾಡಿ ಬಿಟ್ಟರೆ ಅವರಿಗೆ ಬೇರೆ ಕಸುಬಿರಲಿಲ್ಲ. ಬಿಡದಿದ್ದರೆ ಕಾಲು ಹೋಗುವುದು ಖಾತ್ರಿ, ಜೊತೆಗೆ ಯಾರ ಜೀವವೋ.

ಆ ದಿನಗಳಲ್ಲೇ ಇಂಜಿನಿಯರಿಂಗ್ ಕಾಲೇಜೊಂದರಿಂದ ಇಬ್ಬರು ಸಂಶೋಧಕರು ಟಂಟಂ ಸ್ಟ್ಯಾಂಡಿಗೆ ಬಂದರು. ಕೂರುವ ಭಂಗಿಗೂ ದಣಿವಿಗೂ ಅಪಘಾತಕ್ಕೂ ಇರುವ ನಂಟನ್ನು ಅಳೆಯುವುದು ಅವರ ಕೆಲಸವಂತೆ. ಕಾಕಾರ ಬೆನ್ನಿಗೆ ವೈರು ಅಂಟಿಸಿ ಹುಲಿಗಿಗೆ ಹೋಗಿಬಂದರು. ಅವರಲ್ಲಿದ್ದ ಹುಡುಗಿಯದು ನಿಜವಾದ ಕಳಕಳಿ. “ನೀವು ನಡುವೆಯೇ ಕೂರಬೇಕು, ಪಕ್ಕದಲ್ಲಿ ಯಾರನ್ನೂ ಕೂರಿಸಬೇಡಿ” ಎಂದು ಹೇಳಿದ್ದಷ್ಟೇ ಅಲ್ಲ, ಸೊಂಟಕ್ಕೆ ಆನಿಕೆ ಇರುವ ಮೆತ್ತನೆಯ ಸೀಟನ್ನೂ ಮಾಡಿಸಿ ಜೋಡಿಸಿ ಹೋದಳು.

ಮುಂದಿನ ಹುಣ್ಣಿಮೆಗೆ ಯಲಬುರ್ಗಾ ಕಡೆಯ ಮುದುಕಿಯೊಬ್ಬಳು ಬಂದಳು. “ಯಪ್ಪಾ, ನಿನ್ನ ಗಾಡ್ಯಾಗ ಗಾದಿ ಐತಂತಲ್ಲೋ. ಮೊಣಕಾಲು ಭಾಳ ನೂಸ್ತಾವ, ನನ್ನ ಅಲ್ಲೇ ಕುಂದರಿಸೋ.”

ಕಾಕಾ ಬಲಕ್ಕೆ ಸರಿದರು. ಪಕ್ಕದಲ್ಲಿ ನಿಂತಿದ್ದ ನಾನು ಅವರತ್ತ ಕಣ್ಣು ಕೆಕ್ಕರಿಸಿದೆ. “ಅಮ್ಮನ ಗುಡಿಗೆ ಹೊಂಟಾಕಿ, ಇಲ್ಲ ಅನ್ನಾಕ ಹೆಂಗ ಬರತೈತ್ರಿ?” ಎಂದರು.

ಗಾದಿ ಟಂಟಂ ಎಂಬ ಕೀರ್ತಿ ಬೇಗ ಹಬ್ಬಿತು. ಮುಂದೆ ಇಬ್ಬರು ಕೂರುತ್ತಿದ್ದಲ್ಲಿ ಮೂವರು ಕೂರತೊಡಗಿದರು. ಹೀಗೆ ಸಂಶೋಧನೆಯ ಫಲ ಭಕ್ತಾದಿಗಳಿಗೆ ಯಥೇಚ್ಛವಾಗಿ ದೊರಕಿತು. ಕಾಕಾ ಸೀಟಿನ ಕಬ್ಬಿಣದ ಅಂಚಿನ ಮೇಲಿದ್ದರು.

ಕೊನೆಗೆ ಅವರ ಹೆಂಡತಿ, ನಮ್ಮ ಕಾಕು, ಒಂದು ಬೆಳಿಗ್ಗೆ ಗಾಡಿಗೆ ಅಡ್ಡ ನಿಂತರು. “ಇವತ್ತ ಮುಂದ ಯಾರನ್ನರ ಕುಂದರಿಸಿದ್ರ ನಾನೂ ಬಂದು ನಿಮ್ಮ ತೊಡಿ ಮ್ಯಾಲೆ ಕುಂದರತೀನಿ, ನೋಡ್ರಿ!”

ಕಾಕಾ ನಾಚಿ ನಡುವೆ ಕುಳಿತರು. ಹಿಂದೆ ನಾನಿದ್ದೆ. ಗಿಣಿಗೇರಾ ದಾಟುತ್ತಲೇ ಗಾಡಿ ಬಲಕ್ಕೆ ಸರಿಯತೊಡಗಿತು. ಎಡಕ್ಕೆ ಎಳೆದರು, ಮತ್ತೆ ಬಲಕ್ಕೆ. ಎದುರಿನ ಲಾರಿ ಹಾರ್ನು ಒತ್ತಿಕೊಂಡೇ ಬಂತು. ಹಿಂದೆ ಕುಳಿತವರೆಲ್ಲ ಕೂಗಿದೆವು. ಕೂದಲೆಳೆಯಲ್ಲಿ ತಪ್ಪಿತು. ಕಾಕಾ ಗಾಡಿ ನಿಲ್ಲಿಸಿ ಬೆವರು ಒರೆಸಿಕೊಂಡರು.

“ಅಂಚಿನ್ಯಾಗ ಕುಂತು ರಸ್ತಾ ನೋಡಿದ ಕಣ್ಣು ಇವು, ಮಾಸ್ತರ. ನಡುವ ಕುಂತ್ರೂ ತಮ್ಮ ಹಳೀ ಜಾಗಾ ಹುಡುಕ್ಕೋತ ಗಾಡೀನ ಬಲಕ್ಕ ಎಳೀತಾವ.”

ಅಂಚಿಗೆ ಸರಿದರು. ಗಾಡಿ ನೆಟ್ಟಗೆ ಹೋಯಿತು. ಖಾಲಿ ಗಾದಿ ಅವರ ಪಕ್ಕದಲ್ಲಿ ಹುಲಿಗಿಯವರೆಗೂ ಕುಲುಕುತ್ತ ಬಂತು.

ಆಮೇಲೊಂದು ಶುಕ್ರವಾರ ಕಾಲು ಬ್ರೇಕಿನ ಮೇಲಿದೆಯೆಂದುಕೊಂಡರು, ಇರಲಿಲ್ಲ. ಟಂಟಂ ಗುಡಿಯ ಮುಂದೆ ಹೂವು ಮಾರುವವಳ ಬುಟ್ಟಿಗಳ ಮೇಲೆ ಹರಿಯಿತು. ಅವಳು ಆ ಹೊತ್ತಿಗೆ ನೀರು ಕುಡಿಯಲು ಎದ್ದಿದ್ದಳು. ಕಾಕಾ ಮನೆಗೆ ಬಂದು ಕೀಲಿಕೈಯನ್ನು ಕಾಕು ಕೈಗಿಟ್ಟರು. ಮತ್ತೆ ಕೇಳಲಿಲ್ಲ. ಕಾಲು ಒಣಗಿತು, ಮಾತು ಒಣಗಿತು. ಎರಡು ಬೇಸಿಗೆಯೊಳಗೆ ಅವರೂ...

ನಮ್ಮಲ್ಲಿ ತೀರಿದವರನ್ನು ಕೂರಿಸಿಯೇ ಒಯ್ಯುವುದು. ಕಾಕಾರನ್ನು ನೆಟ್ಟಗೆ ಕೂರಿಸಲು ನಾವು ನಾಲ್ಕು ಜನ ಹೆಣಗಿದೆವು. ಶಾಲಿನಿಂದ ಬಿಗಿದರೂ ಮೈ ಬಲಕ್ಕೇ ಜಾರುತ್ತಿತ್ತು. ಕಾಕು ಎದ್ದು ಬಂದು ಅವರ ಹೆಗಲು ಹಿಡಿದರು.

“ಇನ್ನರ ನಡುವ ಕುಂದರ್ರಿ. ಬಾಜೂಕ ಯಾರೂ ಇಲ್ಲ.”

ಅವರು ಕೇಳಲಿಲ್ಲ. ಹಾಗೇ ಒಯ್ದೆವು.

ಹೋದ ವಾರ ಆ ಔಷಧಿ ಅಂಗಡಿಯಿಂದ ನೇರ ಸ್ಟ್ಯಾಂಡಿಗೆ ನಡೆದೆ. ಕಾಕಾರನ್ನು ಬಲ್ಲವರು ಅಲ್ಲಿ ಈಗ ಯಾರೂ ಇಲ್ಲ. ಮೀಸೆ ಈಗಷ್ಟೇ ದಟ್ಟವಾದ ಡ್ರೈವರೊಬ್ಬ ಅಂಚಿಗೆ ಸರಿದು ಸೀಟು ತಟ್ಟಿದ. “ಬರ್ರಿ ಸರ, ಇಲ್ಲೇ ಅಡ್ಜಸ್ಟ್ ಆಗ್ರಿ.”

ಮುಂದಿನದಕ್ಕೆ ಬರುತ್ತೇನೆ ಎಂದೆ. ನಾನು ಬಿಟ್ಟ ಜಾಗಕ್ಕೆ ಇಬ್ಬರು ಓಡಿಬಂದರು. ಅವನು ಇನ್ನಷ್ಟು ಬಲಕ್ಕೆ ಸರಿದ.