ಗವಿಯಿಂದ ತಂದ ಹಣಗಿ

ಇದು ನಾ ಕಟ್ಟಿ ಹೇಳಿದ ಕತಿ ಆಗಿದ್ರ, ಇದರಾಗ ನನ್ನ ಮುಖ ಇಷ್ಟು ಹೊಲಸ ಕಾಣ್ತಿದ್ದಿಲ್ಲ. ಯಾರರ ತಮ್ಮ ಮೈಮ್ಯಾಲೆ ತಾವೇ ಕೆಸರು ಹಾಕ್ಕೋತಾರೇನು? ನಡೆದದ್ದು ನಡೆದಂಗ ಹೇಳ್ತೀನಿ. ನಂಬೋದು ಬಿಡೋದು ನಿಮ್ಮ ಖುಷಿ.

ನಾ ಕಮಲಾಪುರದಾಕಿ. ಮಗಳನ್ನ ಕಲಬುರಗಿಗಿ ಕೊಟ್ಟೀನಿ. ಅಳಿಯಂದು ಸಿಮೆಂಟಿನ ದುಕಾನ. ಜಾಸ್ತಿ ಮಾಲು ಮಾರಿದ ದುಕಾನದವರನ್ನೆಲ್ಲ ಹೋದ ವರ್ಷ ಕಂಪನಿಯವರು ಥೈಲ್ಯಾಂಡಿಗಿ ಕರ್ಕೊಂಡು ಹೋದ್ರು. ಅಳಿಯ, ಮಗಳು, ಅಳಿಯನ ತಾಯಿ ಶಾಂತಾಬಾಯಿ, ಜೋಡಿಗಿ ನಾನು. "ನಮ್ಮ ಬೀಗತಿ ಬರದಿದ್ರ ನಾ ವಿಮಾನ ಹತ್ತಂಗಿಲ್ಲ" ಅಂತ ಹಟ ಹಿಡಿದಾಕಿ ಶಾಂತಾಬಾಯಿನೇ. ನನ್ನ ಮಗಳಿಗಿ ಲಗ್ನಾಗಿ ಏಳು ವರ್ಷ, ಮಕ್ಕಳಿಲ್ಲ. ಶಾಂತಾಬಾಯಿ ಒಂದು ದಿನಾನೂ ಸೊಸಿಗಿ ಚುಚ್ಚಿ ಮಾತಾಡಿಲ್ಲ.

ಕ್ರಾಬಿ ಅಂತ ಊರು. ನಮ್ಮ ಕಡಿ ಸುಣ್ಣಕಲ್ಲು ನೆಲದಾಗ ಮಲಗಿರ್ತದ, ಪರಸಿ ಮಾಡಿ ಹಾಸಿ ಮ್ಯಾಲೆ ಅಡ್ಡಾಡ್ತೀವಿ. ಅಲ್ಲಿ ಅದೇ ಕಲ್ಲು ಸಮುದ್ರದಾಗ ಗುಡ್ಡದಷ್ಟು ಎದ್ದು ನಿಂತದ. ಬುಡಕ್ಕ ನೀರು ತಿಂದು ತಿಂದು ಗವಿ ಬಿದ್ದಾವ.

"ಯಾರೋ ನಿಲ್ಲಿಸಿ ಮರ್ತು ಹೋದಂಗ ಅದ ನೋಡ್ರಿ ಅಕ್ಕಾ," ಅಂದ್ಲು ಶಾಂತಾಬಾಯಿ.

"ನಿನ್ನ ಮಗ ಕಂಡ್ರ ಪುಡಿ ಮಾಡಿ ಚೀಲ ತುಂಬ್ಯಾನು, ಸುಮ್ಮನಿರು," ಅಂದೆ. ಹೊಟ್ಟಿ ಹಿಡ್ಕೊಂಡು ನಕ್ಕಳು.

ದೋಣಿಯಾಗ ಒಂದು ನಡುಗಡ್ಡಿಗಿ ಒಯ್ದ್ರು. ಅಲ್ಲಿ ಗವಿಯೊಳಗ ಒಬ್ಬಾಕಿ ದೇವಿ. ಸಮುದ್ರದಾಗ ಮುಳುಗಿ ಸತ್ತಾಕಿ, ಮೀನು ಹಿಡಿಯೋರು ನಡ್ಕೋತಾರ ಅಂತ ದೋಣಿಯವನು ಹೇಳಿದ್ದನ್ನ ಅಳಿಯ ನಮಗ ತಿಳಿಸಿದ. ಮುಂದ ಊದಿನಕಡ್ಡಿ, ಹೂವು, ಬಟ್ಟಿ, ಕನ್ನಡಿ, ತಲಿ ಬಾಚೋ ಹಣಗಿ... ಥೇಟ್ ನಮ್ಮ ಉಡಿ ತುಂಬೋ ಸಾಮಾನು.

ನಮ್ಮಲ್ಲಿ ಮಕ್ಕಳಾಗದಾಕಿಗಿ ದೇವಿಯ ಉಡಿಯೊಳಗಿನ ಬಳಿನೋ ಹಣಗಿನೋ ಕೊಡ್ತಾರ. ಪೂಜಾರಿ ಕೊಡಬೇಕು, ನಾವು ಸೆರಗು ಒಡ್ಡಬೇಕು. ಅಲ್ಲಿ ಪೂಜಾರಿ ಇದ್ದಿಲ್ಲ. ದೇವಿ ಅಂದ ಮ್ಯಾಲೆ ಎಲ್ಲಾ ಕಡಿ ಒಬ್ಬಾಕಿನೇ ಅಂದ್ಕೊಂಡೆ. ಎಲ್ಲಾರೂ ಫೋಟೋ ತೆಗೆಸ್ಕೊಳ್ಳಾಕ ಹೊರಗ ಹೋದಾಗ, ಒಂದು ಕಟ್ಟಿಗಿ ಹಣಗಿ ತಗೊಂಡು ನಡಕ್ಕ ಸಿಗಿಸ್ಕೊಂಡೆ. ಸೆರಗು ಒಡ್ಡಲಿಲ್ಲ, ಕೇಳಲಿಲ್ಲ. ಕದ್ದೆ. ಅದಕ್ಕ ಬ್ಯಾರೆ ಹೆಸರಿಲ್ಲ.

ರಾತ್ರಿ ಹೋಟೆಲಿನಾಗ ನಾವಿಬ್ಬರು ಮುದುಕ್ಯಾರು ಒಂದೇ ಖೋಲಿ. ಬಾಜೂ ಬಾಜೂ ಎರಡು ಮಂಚ. ಶಾಂತಾಬಾಯಿ ಎಣ್ಣಿ ಹಚ್ಚಿ, ಬಿಗಿಯಾಗಿ ಹೆರಳು ಹಾಕ್ಕೊಂಡು ಮಲಗಿದ್ಲು. ನಾ ಹಣಗಿ ನನ್ನ ತಲಿದಿಂಬಿನ ಕೆಳಗ ಇಟ್ಟಿದ್ದೆ.

ಎಷ್ಟೊತ್ತಿಗೋ ಎಚ್ಚರಾತು. ಮೊದಲು ವಾಸನಿ... ಉಪ್ಪುನೀರು, ಅದರಾಗ ಕೊಳೆತ ಹೂವು. ಆಮ್ಯಾಲೆ ಸಪ್ಪಳ. ಬಾಗಲ ಹೊರಗ ಯಾರೋ ತೊಯ್ದ ಕೂದಲ ಹಿಂಡಿದಂಗ. ಟಪ್... ಟಪ್... ನೀರು ಬೀಳಾಕತ್ತಿತ್ತು.

ಬಾಗಲ ತೆರೆದ ಸಪ್ಪಳ ಆಗಲಿಲ್ಲ. ಆದ್ರ ಟಪ್ ಅನ್ನೋದು ಒಳಗ ಬಂತು.

ನನ್ನ ಮಂಚದ ಕಡಿನೇ ಬರಾಕತ್ತಿತ್ತು. ಯಾಕಂತ ನನಗ ಗೊತ್ತಿತ್ತು. ಹಣಗಿ ನೆಲಕ್ಕ ಒಗೀಬಹುದಿತ್ತು. ತಪ್ಪಾತವ್ವಾ ಅಂತ ಕೈ ಮುಗೀಬಹುದಿತ್ತು. ನಾ ಏನ್ ಮಾಡಿದೆ? ಕೈ ಚಾಚಿ, ಅದನ್ನ ಶಾಂತಾಬಾಯಿ ತಲಿದಿಂಬಿನ ಕೆಳಗ ನೂಕಿದೆ. ಚಾದರ ಎಳ್ಕೊಂಡು ಕಣ್ಣು ಮುಚ್ಚಿದೆ.

ಟಪ್... ಟಪ್... ನನ್ನ ಕಾಲಕಡಿ ನಿಂತು, ಆ ಕಡಿ ಹೊರಳಿತು.

ಸ್ವಲ್ಪ ಹೊತ್ತಿಗಿ ಸಣ್ಣ ದನಿ. "ಅಕ್ಕಾ... ಎಚ್ಚರ ಇದ್ದೀರೇನ್ರೀ?"

ನಾ ಕಣ್ಣು ಇನ್ನೂ ಗಟ್ಟಿ ಮುಚ್ಚಿದೆ.

"ಅಕ್ಕಾ, ಯಾರೋ ನನ್ನ ಹೆರಳು ಬಿಚ್ಚಾಕತ್ತಾರ... ಹೆದ್ರಿಕಿ ಆಗ್ತದ, ಒಂಚೂರು ಕೈ ಕೊಡ್ರೀ..."

ನಾ ಗೊರಕಿ ಹೊಡದೆ. ಸುಳ್ಳ ಗೊರಕಿ. ಎರಡೂ ಕೈ ತೊಡಿ ನಡುವ ಇಟ್ಕೊಂಡು, ಗ್ವಾಡಿ ಕಡಿ ಹೊರಳಿ, ಬೆಳಕು ಹರಿಯೋತನ ಗೊರಕಿ ಹೊಡದೆ. ಹಿಂದ ಸರ್ರ್... ಸರ್ರ್... ಅಂತ ಬಾಚೋ ಸಪ್ಪಳ ಕೇಳ್ತಾನೇ ಇತ್ತು.

ಮುಂಜಾನಿ ನೋಡಿದ್ರ ಶಾಂತಾಬಾಯಿ ಕೂದಲು ಸೊಂಟದ ತನ ಬಿಚ್ಚಿ ಹರವಿತ್ತು. ತೊಪ್ಪಂತ ತೊಯ್ದಿತ್ತು, ಬುಡಕ್ಕೆಲ್ಲ ಉಸುಕು. ದಿಂಬಿನ ಕೆಳಗ ಹಣಗಿ ಇದ್ದಿಲ್ಲ. ಆಕಿ ಮೈ ಕೆಂಡ. ಮೂರು ದಿನ ಜ್ವರ, ಉಳಿತಾಳೋ ಇಲ್ಲೋ ಅನ್ನೋಹಂಗ. ನನ್ನ ಮಗಳು ಹಗಲೂ ರಾತ್ರಿ ಹಣಿಗಿ ತಣ್ಣೀರು ಪಟ್ಟಿ ಹಾಕಿದ್ಲು. ನಾ ಬಾಯಿ ಬಿಡಲಿಲ್ಲ.

ಉಳಿದ್ಲು. ಕಲಬುರಗಿಗಿ ಬಂದು ವರ್ಷಾತು. ನಾ ಮಗಳ ಮನಿಗಿ ಹೋದಾಗೆಲ್ಲ ಶಾಂತಾಬಾಯಿ ತಾನೇ ಚಹಾ ತಂದು ಕೊಡ್ತಾಳ. ಓಣಿ ಹೆಣ್ಮಕ್ಕಳು ಬಂದ್ರ ನನ್ನ ಬಾಜೂಕ ಕೂತು ಅವರಿಗಿ ಹೇಳ್ತಾಳ:

"ನಮ್ಮ ಬೀಗತಿ ಇದ್ದದ್ದಕ್ಕ ಉಳದೀನ್ರೇ ಯವ್ವಾ. ಜೀವ ಹೋಗೋಹಂಗ ಹೆದರಿದ್ದೆ. ಕೈ ಕೊಡ್ರೀ ಅಂದೆ, ಕೊಟ್ರು. ಬೆಳತನಕ ಬಿಗಿಯಾಗಿ ಹಿಡ್ಕೊಂಡೇ ಇದ್ರು. ಪಾಪ, ಅವರ ಕೈನೂ ಬರಫದಂಗ ತಣ್ಣಗಿತ್ತು."

ಖರೆ ಹೇಳೋಣಂದ್ರ, "ಹಂಗಾದ್ರ ಅವತ್ತು ನನ್ನ ಕೈ ಹಿಡಿದಾಕಿ ಯಾರು?" ಅಂತ ಕೇಳ್ತಾಳ.

ಎಲ್ಲಾರೂ ನನ್ನ ಮುಖ ನೋಡ್ತಾರ. ನಾ ಬಸಿಯಾಗಿನ ಚಹಾ ನೋಡ್ಕೋತ, ಹೂಂ ಅಂತೀನಿ.